ಏಳೂವರೆ ನಿಮಿಷ

ಜೂನ್ 4, ಬುಧವಾರ

ಎರಡು ನಿಮಿಷ. ಹೆಚ್ಚೆಂದರೆ ಎರಡೂಕಾಲು. ಆಸ್ಪತ್ರೆಯ ಕಾಗದದಲ್ಲಿ ಇದನ್ನು ಯಾರೂ ಬರೆಯುವುದಿಲ್ಲವಾದ್ದರಿಂದ ಇಲ್ಲಿ ನಾನೇ ಬರೆದಿಡುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತುರ್ತು ಘಟಕಕ್ಕೆ ಒಬ್ಬ ಬಡಗಿಯನ್ನು ಕರೆತಂದರು. ಹಲ್ಲಿನ ಕೀವು ನಾಲಿಗೆಯ ಕೆಳಗೆಲ್ಲ ಇಳಿದು, ಗದ್ದ ಮತ್ತು ಕುತ್ತಿಗೆ ಒಂದೇ ಆಗಿಹೋಗಿತ್ತು. ಬಾಯಿ ಎರಡು ಬೆರಳು ಹಿಡಿಸುವಷ್ಟೂ ತೆರೆಯುತ್ತಿರಲಿಲ್ಲ. ಮಲಗಲಾಗದೆ ಕೂತೇ ಉಸಿರೆಳೆಯುತ್ತಿದ್ದ, ಒಂದೊಂದು ಉಸಿರಿಗೂ ಕೀರಲು ಸದ್ದು. ನಿದ್ದೆಯ ಔಷಧಿ ಕೊಟ್ಟೆ, ಮೈಯ ಬಿಗಿ ಸಡಿಲಿಸುವ ಔಷಧಿ ಕೊಟ್ಟೆ. ಅದನ್ನು ಕೊಟ್ಟ ಮೇಲೆ ರೋಗಿ ತಾನಾಗಿ ಉಸಿರಾಡಲಾರ, ಅವನ ಉಸಿರು ಪೂರ್ತಿ ನಮ್ಮ ಕೈಯಲ್ಲಿರುತ್ತದೆ. ನಾಲಿಗೆ ಎತ್ತುವ ಬ್ಲೇಡನ್ನು ಇಳಿಸಿದೆ. ಊತ ಬಿಟ್ಟರೆ ಬೇರೇನೂ ಕಾಣಲಿಲ್ಲ. ತೆಗೆದು ಮತ್ತೆ ಹಾಕಿದೆ. ನಡುನಡುವೆ ಮಾಸ್ಕ್ ಒತ್ತಿ ಗಾಳಿ ಕೊಟ್ಟರೂ ಒಳಗೆ ಹೋಗಲಿಲ್ಲ. ಮೂರನೆಯ ಸಲಕ್ಕೆ ಧ್ವನಿತಂತುವಿನ ಅಂಚು ಕಂಡಿತು, ಉಸಿರಿನ ಟ್ಯೂಬ್ ಒಳಗೆ ಕೂತಿತು. ನಡುವೆ ನಾಡಿ ತೀರಾ ಇಳಿದಿತ್ತಂತೆ, ಅದೂ ಸರಿಹೋಯಿತು. ಇಪ್ಪತ್ತಾರು ವರ್ಷದಲ್ಲಿ ನಾನು ಹಾಕಿದ ಸಾವಿರಾರು ಟ್ಯೂಬುಗಳಲ್ಲಿ ಇದೂ ಒಂದು.

ಆದರೆ ಪಕ್ಕದಲ್ಲಿ ನಿಂತಿದ್ದ ಹಿರಿಯ ನರ್ಸಮ್ಮನಿಗೆ ಇದು ಹಾಗೆ ಕಂಡಿಲ್ಲ. ಕಾಗದ ಹುಡುಕಲು ಪುರುಸೊತ್ತಿಲ್ಲದಾಗ ನಮ್ಮಲ್ಲಿ ನರ್ಸ್‌ಗಳು ತೊಡೆಯ ಮೇಲೆ ಬಿಳಿ ಪ್ಲಾಸ್ಟರಿನ ಪಟ್ಟಿ ಅಂಟಿಸಿಕೊಂಡು ಅದರ ಮೇಲೆ ಹೊತ್ತು ಗುರುತು ಹಾಕುತ್ತಾರೆ. ಸಂಜೆ ಇವಳು ಆ ಪಟ್ಟಿಯನ್ನು ಕಿತ್ತು ಕೇಸ್ ಹಾಳೆಗೆ ಅಂಟಿಸಿ ಸಹಿ ಹಾಕಿದ್ದಾಳೆ. ಅದರ ಪ್ರಕಾರ ಉಸಿರು ನಿಂತಾಗಿನಿಂದ ಟ್ಯೂಬ್ ಕೂರುವವರೆಗೆ ಏಳೂವರೆ ನಿಮಿಷ. ಏಳೂವರೆ ನಿಮಿಷದಲ್ಲಿ ನಾನು ಸ್ನಾನ ಮುಗಿಸಿ ತಲೆ ಬಾಚಿಕೊಂಡಿರುತ್ತೇನೆ. ಟ್ಯೂಬ್ ಆಗದಿದ್ದರೆ ಗಂಟಲ ಮುಂಭಾಗ ಸೀಳಿ ಉಸಿರು ಕೊಡುವ ಸಲಕರಣೆಗಳ ತಟ್ಟೆಯನ್ನೂ ತಾನು ತೆರೆದು ಇಟ್ಟಿದ್ದೆ ಎಂದು ಬರೆದಿದ್ದಾಳೆ. ನಾನಂತೂ ಯಾವ ತಟ್ಟೆಯನ್ನೂ ಕಾಣಲಿಲ್ಲ. ಆ ಮೂಲೆಯ ಮಾನಿಟರ್ ಹಳೆಯದು, ಅಂಕಿ ತೋರಿಸುತ್ತದೆ, ನೆನಪಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಈಗ ಅವಳ ತೊಡೆಯೇ ಸಾಕ್ಷಿ.

ಜೂನ್ 5, ಗುರುವಾರ

ಬಡಗಿ ಎಚ್ಚರಗೊಂಡಿಲ್ಲ. ಕೀವು ತೆಗೆದಾಗಿದೆ, ನಿದ್ದೆಯ ಔಷಧಿ ನಿಲ್ಲಿಸಿ ಒಂದು ದಿನವಾಗಿದೆ.

ನಿಗಾ ಘಟಕದ ಹೊರಗಿನ ಬೆಂಚಿನಲ್ಲಿ ಅವನ ಅಕ್ಕ ಕೂತಿದ್ದಳು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ದರ್ಜಿ. ಅಪ್ಪ ಅಮ್ಮ ಬೇಗ ಹೋದರಂತೆ, ತಮ್ಮನನ್ನು ಸಾಕಿದ್ದು ಇವಳೇ. ನಾನು ದಾಟಿ ಹೋಗುವಷ್ಟರಲ್ಲಿ ಎದ್ದು ಅಡ್ಡ ನಿಂತು, ಉಸಿರು ಎಷ್ಟು ಹೊತ್ತು ನಿಂತಿತ್ತು ಎಂದು ಕೇಳಿದಳು. ಎರಡು ನಿಮಿಷ ಎಂದೆ. ಹಾಗಿದ್ದರೆ ಇನ್ನೂ ಯಾಕೆ ಕಣ್ಣು ಬಿಟ್ಟಿಲ್ಲ ಎಂದಳು.

"ನೀವು ಕರ್ಕೊಂಡ್ ಬಂದಿದ್ದೇ ತಡ ಅಲ್ವಾ," ಎಂದೆ.

ಅಷ್ಟು ಕಡ್ಡಿ ತುಂಡು ಮಾಡಿದ ಹಾಗೆ ಹೇಳಬೇಕಿರಲಿಲ್ಲವೇನೋ. ಆದರೆ ಸುಳ್ಳೇನಲ್ಲ, ತಡವಾಗಿಯೇ ಬಂದಿದ್ದರು. ಎರಡು ನಿಮಿಷಕ್ಕೆ ಮಿದುಳು ಕೆಡುವುದಿಲ್ಲ ಎಂದ ಮೇಲೆ ಕೆಟ್ಟದ್ದು ಅದಕ್ಕೂ ಮೊದಲೇ ಆಗಿರಬೇಕು. ಇದು ಸೀದಾ ಲೆಕ್ಕ.

ಜೂನ್ 7, ಶನಿವಾರ

ವಿಭಾಗದ ಮುಖ್ಯಸ್ಥರು ಕರೆದು ಕೂರಿಸಿದರು. ನನಗಿಂತ ಆರು ವರ್ಷ ಚಿಕ್ಕವರು. ಮೊದಲ ಟ್ಯೂಬ್ ಹಾಕಿದಾಗ ಅವರ ಕೈ ಗಡಗಡ ನಡುಗುತ್ತಿತ್ತು, ಹಿಡಿದು ನಿಲ್ಲಿಸಿದವಳು ನಾನು. ಇವತ್ತು ಆ ಕೈ ಮೇಜಿನ ಮೇಲೆ ಪೆನ್ನು ಉರುಳಿಸುತ್ತಾ ಕೂತಿತ್ತು.

27ಕ್ಕೆ ಮೂವರ ಸಮಿತಿಯ ಮುಂದೆ ವಿಚಾರಣೆ. ಏಳೂವರೆ ನಿಮಿಷ ನಿಜ ಎಂದಾದರೆ ಇನ್ನು ಮುಂದೆ ನಾನು ತುರ್ತು ಘಟಕದಲ್ಲಿ ಟ್ಯೂಬ್ ಮುಟ್ಟುವಂತಿಲ್ಲ. ಅಲ್ಲಿಯವರೆಗೂ ಷರತ್ತು ಇದೆ. ನಾನು ಬ್ಲೇಡ್ ಹಾಕಿದ ಕ್ಷಣದಿಂದ ನರ್ಸಮ್ಮ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಸೆಕೆಂಡು ಎಣಿಸುತ್ತಾಳೆ. ಅವಳು ಸಾಕು ಎಂದರೆ ನಾನು ಬ್ಲೇಡ್ ಹೊರತೆಗೆಯಬೇಕು, ಎರಡನೆಯ ಮಾತಿಲ್ಲ. ಈ ಏರ್ಪಾಡು ಯಾರ ತಲೆಗೆ ಹೊಳೆದದ್ದು ಎಂದು ಕೇಳಿದೆ. ನರ್ಸಮ್ಮನೇ ಕೇಳಿಕೊಂಡಳಂತೆ.

ಐವತ್ತೆರಡನೆಯ ವಯಸ್ಸಿನಲ್ಲಿ ನನಗೆ ಎಣಿಸಲು ಒಬ್ಬಳು ಬೇಕು. ಮೈಯೆಲ್ಲ ಉರಿಯುತ್ತಿದೆ. ಇನ್ನು ಅವಳನ್ನು ಗಡಿಯಾರ ಎಂದೇ ಕರೆಯುತ್ತೇನೆ, ಇಲ್ಲಿಯಾದರೂ.

ಜೂನ್ 10, ಮಂಗಳವಾರ

ಒಬ್ಬ ಅಜ್ಜನಿಗೆ ಟ್ಯೂಬ್ ಹಾಕಿದೆ. ಹಲ್ಲಿಲ್ಲದ ಬಾಯಿ, ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಗಡಿಯಾರ ಕಿವಿಯ ಪಕ್ಕ ಹತ್ತು, ಇಪ್ಪತ್ತು ಎಂದು ಬಡಿಯುತ್ತಿತ್ತು. ಇಪ್ಪತ್ತೆರಡರಲ್ಲಿ ಮುಗಿಸಿ ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡದೆ ತೊಡೆಯ ಮೇಲೆ ಬರೆದುಕೊಂಡಳು.

ಕ್ಯಾಮೆರಾ ಮಹಾಶಯ ಹಿಂದೆ ನಿಂತು ನೋಡುತ್ತಿದ್ದ. ನಮ್ಮ ಕಿರಿಯ ಡಾಕ್ಟರು. ತುದಿಯಲ್ಲಿ ಕ್ಯಾಮೆರಾ ಇರುವ ಬ್ಲೇಡ್ ಇಲ್ಲದಿದ್ದರೆ ಅವನಿಗೆ ಗಂಟಲು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಮೊದಲೇ ಕುತ್ತಿಗೆಯ ಮೇಲೆ ಪೆನ್ನಿನಲ್ಲಿ ಗೆರೆ ಬೇರೆ ಎಳೆದಿಟ್ಟುಕೊಳ್ಳುತ್ತಾನೆ, ಸೀಳಬೇಕಾಗಿ ಬಂದರೆ ಜಾಗ ಗೊತ್ತಿರಲಿ ಎಂದು. ಸೋಲುವುದಕ್ಕೆ ಮುಹೂರ್ತ ಇಟ್ಟುಕೊಂಡು ಕೆಲಸ ಶುರುಮಾಡುವವನು.

ಜೂನ್ 11, ಬುಧವಾರ

ಬರೆಯುವಂಥದ್ದೇನೂ ಇಲ್ಲ. ಎಲ್ಲರ ಮೇಲೂ ಸಿಟ್ಟು. ನಮ್ಮನೆಯವರು ಕೇಳದೆಯೇ ಚಹಾ ತಂದಿಟ್ಟರು, ಅವರ ಮೇಲೂ.

ಜೂನ್ 14, ಶನಿವಾರ

ಪುರಾವೆ ಬೇಕೆಂದರೆ ಪುರಾವೆಯನ್ನೇ ಕೊಡೋಣ ಎಂದು ಮಧ್ಯಾಹ್ನ ಅಭ್ಯಾಸದ ಕೊಠಡಿಗೆ ಹೋದೆ. ಅಲ್ಲಿ ಒಂದು ರಬ್ಬರಿನ ತಲೆ ಇದೆ, ಅದರ ನಾಲಿಗೆಗೆ ಗಾಳಿ ಹೊಡೆದು ಊದಿಸಬಹುದು. ಬಡಗಿಯಷ್ಟೇ ಊದಿಸಿದೆ. ಫೋನಿನಲ್ಲಿ ಹೊತ್ತು ಓಡಲು ಬಿಟ್ಟು ಮಗುಚಿ ಇಟ್ಟೆ. ಟ್ಯೂಬ್ ಹಾಕಿದೆ. ಫೋನ್ ತಿರುಗಿಸುವ ಮೊದಲು ಅಂದಾಜು ಬರೆದೆ: ನಲವತ್ತು ಸೆಕೆಂಡು. ಫೋನ್ ಎರಡು ನಿಮಿಷ ಹತ್ತು ಸೆಕೆಂಡು ಎಂದಿತು.

ಏನೋ ಎಡವಟ್ಟಾಗಿದೆ ಎಂದು ಮತ್ತೆ ಮಾಡಿದೆ. ನನ್ನ ಅಂದಾಜು ಒಂದು ನಿಮಿಷ, ಫೋನಿನದು ಮೂರು. ಮೂರನೆಯ ಸಲ ಬೇಕೆಂದೇ ಜಾಸ್ತಿ ಬರೆದೆ, ಒಂದೂವರೆ. ಎರಡು ಐವತ್ತು ಬಂತು. ಫೋನ್ ಹಳೆಯದು. ಗೋಡೆಯ ಗಡಿಯಾರ ನೋಡಿಕೊಂಡು ಇನ್ನೊಮ್ಮೆ ಮಾಡಿದೆ, ಅದೂ ಫೋನಿನ ಕಡೆಯೇ ಸೇರಿಕೊಂಡಿತು.

ರಬ್ಬರಿನ ತಲೆಗೂ ಮನುಷ್ಯರ ತಲೆಗೂ ವ್ಯತ್ಯಾಸವಿದೆ. ರಬ್ಬರು ಬೇಕೆಂದೇ ಕಾಡುತ್ತದೆ, ಇದರಿಂದ ಏನೂ ಸಾಬೀತಾಗುವುದಿಲ್ಲ.

ಮನೆಯಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟೆ. ನಮ್ಮನೆಯವರು ಶಾಲೆಯಲ್ಲಿ ಚಿತ್ರಕಲೆ ಮೇಷ್ಟ್ರು, ಸಿಟ್ಟು ಬರುವುದೇ ಇಲ್ಲ. ಕತ್ತರಿಸುತ್ತಿದ್ದ ಬೀನ್ಸ್ ಕೆಳಗಿಟ್ಟು ಸಮಾಧಾನದಲ್ಲೇ ಹೇಳಿದರು: "ನೀನು ಕೆಲಸದಲ್ಲಿ ಮುಳುಗಿದ್ರೆ ಕರೆದ್ರೂ ಕೇಳಲ್ಲ. ಬರೀ ಹೂಂ ಅಂತೀಯ. ಮದುವೆ ಆದಾಗಿಂದ ಹೇಳ್ತಿದೀನಿ." ಅವರೂ ಗಡಿಯಾರದ ಪಕ್ಷ. ಊಟ ಬೇಡ ಎಂದು ಎದ್ದುಬಂದೆ.

ಜೂನ್ 17, ಮಂಗಳವಾರ

ಬಡಗಿ ಕಣ್ಣು ಬಿಟ್ಟಿದ್ದಾನೆ. ಕಣ್ಣಷ್ಟೇ. ಕರೆದರೆ ತಿರುಗುವುದಿಲ್ಲ, ಕೈ ಹಿಡಿ ಎಂದರೆ ಹಿಡಿಯುವುದಿಲ್ಲ. ಗಂಟಲ ಊತ ಇಳಿದು ತಾನೇ ಉಸಿರಾಡುತ್ತಿದ್ದಾನೆ. ಮಿದುಳಿನ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ನೋಡೋಣ, ಕಾಯೋಣ ಎಂದು ಬರೆದು ಹೋಗಿದ್ದಾರೆ.

ಅಕ್ಕ ಇನ್ನೂ ಅದೇ ಬೆಂಚಿನಲ್ಲಿದ್ದಾಳೆ. ಇವತ್ತು ಅವಳ ಗಂಡ ನನ್ನನ್ನು ಕಾದು ನಿಂತು ಹಿಡಿದುಕೊಂಡ. ಹದಿನಾಲ್ಕು ದಿನದಿಂದ ಅವಳು ಒಳಗೆ ಕಾಲಿಟ್ಟಿಲ್ಲವಂತೆ. ತಮ್ಮನ ಮುಖ ನೋಡುವ ಯೋಗ್ಯತೆ ತನಗಿಲ್ಲ ಎನ್ನುತ್ತಾಳಂತೆ. ಅವತ್ತು ಬೆಳಿಗ್ಗೆ ಅವನು ಗಂಟಲು ಬಿಗಿಯುತ್ತಿದೆ ಎಂದಾಗ, ಇನ್ನು ಎಂಟು ಅಂಗಿಗೆ ಕಾಲರ್ ಕೂರಿಸಿ ಬರುತ್ತೇನೆ, ಒಂದು ಗಂಟೆ ತಡೆದುಕೋ ಎಂದಿದ್ದಳಂತೆ.

"ತಡ ಆಯ್ತು ಅಂತ ಡಾಕ್ಟ್ರೇ ಹೇಳಿದಾರೆ ಅಂತಾಳೆ. ನೀವು ಒಂದ್ ಮಾತು ಸಮಾಧಾನ ಹೇಳಿ ಮೇಡಂ, ನಿಮ್ಮ ಮಾತಾದ್ರೆ ಕೇಳ್ತಾಳೆ."

ಸಮಾಧಾನ ಹೇಳುವುದು ನನ್ನ ಕೆಲಸವಲ್ಲ, ಅದಕ್ಕೆ ಬೇರೆಯವರಿದ್ದಾರೆ ಎಂದೆ. ಹೌದು, ಬೇರೆಯವರಿದ್ದಾರೆ. ಮೊದಲ ಮಹಡಿಯಲ್ಲಿ ಅದಕ್ಕೆಂದೇ ಒಂದು ಕೋಣೆಯಿದೆ. ಮನೆಗೆ ಬಂದ ಮೇಲೂ ಆ ಎಂಟು ಅಂಗಿ ತಲೆಯಿಂದ ಹೋಗುತ್ತಿಲ್ಲ, ಏನು ಕರ್ಮವೋ.

ಜೂನ್ 19, ಗುರುವಾರ

ಮಧ್ಯಾಹ್ನ ಎರಡಕ್ಕೆ ಲಾಂಡ್ರಿಯ ಹೆಂಗಸೊಬ್ಬಳನ್ನು ತಂದರು. ಇಸ್ತ್ರಿ ಯಂತ್ರದ ಕೊಳವೆ ಬಿಚ್ಚಿಕೊಂಡು ಬಿಸಿ ಆವಿ ನೇರ ಮುಖಕ್ಕೆ, ಬಾಯಿಗೆ ಹೊಡೆದಿತ್ತು. ತುಟಿ ದಪ್ಪವಾಗಿ, ದನಿ ಗೊಗ್ಗರಾಗಿತ್ತು. ಆವಿ ಕುಡಿದ ಗಂಟಲು ಕಣ್ಣೆದುರೇ ಮುಚ್ಚಿಕೊಳ್ಳುತ್ತದೆ, ಕಾಯುವ ಹಾಗಿಲ್ಲ.

ಔಷಧಿ ಕೊಡುವ ಮೊದಲು ಅವಳ ಕುತ್ತಿಗೆಯ ಮೇಲೆ ಗೆರೆ ಎಳೆಯೋಣವೆಂದರೆ ಪೆನ್ನು ಒಣಗಿತ್ತು. ಈ ಆಸ್ಪತ್ರೆಯಲ್ಲಿ ಒಂದು ಪೆನ್ನಿಗೂ ಗತಿಯಿಲ್ಲ. ಮಹಾಶಯನ ಜೇಬಿನಿಂದ ಕಿತ್ತುಕೊಂಡು ಗೆರೆ ಹಾಕಿದೆ. ಸೀಳುವ ತಟ್ಟೆಯನ್ನು ತೆರೆದು ನನಗೆ ಕಾಣುವ ಹಾಗೆ ಎದೆಯ ಪಕ್ಕ ಇಡಲು ಹೇಳಿದೆ. ಎಷ್ಟೋ ಹೊತ್ತು ಮಾಸ್ಕಿನಲ್ಲಿ ಅವಳಿಗೆ ಆಕ್ಸಿಜನ್ ತುಂಬಿಸಿದೆ.

ಬ್ಲೇಡ್ ಇಳಿಸಿದೆ. ಗಡಿಯಾರ ಶುರುವಾಯಿತು. ಒಳಗೆಲ್ಲ ಬೆಂದು ಬಿಳಿಚಿ ಊದಿಕೊಂಡಿತ್ತು. ಎತ್ತಿದೆ, ವಾಲಿಸಿದೆ, ಧ್ವನಿತಂತುವಿನ ಕೆಳ ಅಂಚು ಇಣುಕಿತು. ಇನ್ನು ಕೂದಲೆಳೆಯಷ್ಟೇ ಬಾಕಿ. ಆಗ ನಲವತ್ತು ಎಂದಳು. ಅದಾದ ಮೇಲೆ "ಸಾಕು" ಎಂದಳು.

ನನಗದು ಹದಿನೈದು ಸೆಕೆಂಡಿನಂತಿತ್ತು. ಇನ್ನು ಮೂರೇ ಸೆಕೆಂಡು ಸಿಕ್ಕಿದ್ದರೆ ಟ್ಯೂಬ್ ಹೋಗುತ್ತಿತ್ತು, ಖಾತ್ರಿ. ಬಡಗಿಯ ದಿನವೂ ಪ್ರತಿ ಸಲ ಹೀಗೇ ಖಾತ್ರಿಯಿತ್ತು, ಅದು ಬೇರೆ ಮಾತು. ಹಲ್ಲು ಕಚ್ಚಿಕೊಂಡು ಬ್ಲೇಡ್ ಹೊರತೆಗೆದೆ. ಆಮೇಲೆ ಮಾನಿಟರಿನ ಸದ್ದು ಕಿವಿಗೆ ಬಿತ್ತು, ಅದಾಗಲೇ ದಪ್ಪ ದನಿಗೆ ಇಳಿದಿತ್ತು. ಆಕ್ಸಿಜನ್ ಎಂಬತ್ತಾರಕ್ಕೆ ಕುಸಿದಿತ್ತು. ಎರಡೂ ಕೈಯಿಂದ ಮಾಸ್ಕ್ ಅಮುಕಿ ಹಿಡಿದೆ, ಗಡಿಯಾರ ಗಾಳಿಯ ಚೀಲ ಒತ್ತಿತು, ಅಂಕಿ ತೊಂಬತ್ತಾರಕ್ಕೆ ಏರಿತು. ನಾನು ಪಕ್ಕಕ್ಕೆ ಸರಿದು ಮಹಾಶಯನಿಗೆ ಜಾಗ ಬಿಟ್ಟೆ. ಅವನಿಗೆ ಕ್ಯಾಮೆರಾದಲ್ಲಿ ಅರ್ಧ ಕಂಡಿತು, ನಾನು ಹೊರಗಿನಿಂದ ಗಂಟಲನ್ನು ಬೆರಳಲ್ಲಿ ಒತ್ತಿ ತೋರಿಸಿದೆ, ಸಣ್ಣ ಟ್ಯೂಬ್ ಕೈಗಿಟ್ಟೆ. ಮೂವತ್ತೊಂದಕ್ಕೆ ಮುಗಿಸಿದ.

ಥ್ಯಾಂಕ್ಸ್ ಮೇಡಂ ಎಂದ. ನನ್ನ ರೋಗಿಗೆ ನನ್ನೆದುರೇ ಟ್ಯೂಬ್ ಹಾಕಿ ನನಗೇ ಥ್ಯಾಂಕ್ಸ್. ಕೈ ತೊಳೆದುಕೊಂಡು ಹೊರಗೆ ಬಂದೆ.

ಜೂನ್ 20, ಶುಕ್ರವಾರ

ಲಾಂಡ್ರಿಯವಳು ಇವತ್ತು ಹಾಳೆಯ ಮೇಲೆ ಬರೆದು ತೋರಿಸಿದ್ದಾಳೆ: ನನ್ನ ಕನ್ನಡಕ ಎಲ್ಲಿ. ಇದನ್ನು ಹೇಳಲು ಮಹಾಶಯ ಎರಡು ಮಹಡಿ ಹತ್ತಿಬಂದ. ಹುಡುಕಿಸಿ ಕೊಡು ಎಂದೆ, ಇನ್ನೇನು ಹೇಳಲಿ.

ಸಂಜೆ ಮುಖ್ಯಸ್ಥರು ಬಾಗಿಲು ಹಾಕಿಕೊಂಡು ಮಾತಾಡಿದರು. ಪ್ಲಾಸ್ಟರ್ ಪಟ್ಟಿ ಆಸ್ಪತ್ರೆಯ ದಾಖಲೆಯೇ ಅಲ್ಲವಂತೆ. ಪಟ್ಟಿಯನ್ನು ನಂಬಲಾಗದು, ಹೊತ್ತನ್ನು ಆಮೇಲೆ ಬರೆದಿರುವ ಅನುಮಾನವಿದೆ ಎಂದು ನಾನು ಒಂದು ಪತ್ರ ಕೊಟ್ಟರೆ ಸಮಿತಿ ಅದನ್ನು ಬದಿಗಿಡುತ್ತದೆ. ಆಗ ಉಳಿಯುವುದು ನನ್ನ ಎರಡು ನಿಮಿಷ. ನರ್ಸಮ್ಮನಿಗೆ ಎಚ್ಚರಿಕೆಯ ಕಾಗದ ಹೋಗುತ್ತದೆ. ಗುರುವಾರದೊಳಗೆ ಕೊಡಿ ಎಂದರು.

ಕೊಡುತ್ತೇನೆ ಎಂದೆ. ಹದಿನೇಳು ದಿನದ ಮೇಲೆ ಇವತ್ತು ಹೊಟ್ಟೆ ತುಂಬ ಊಟ ಮಾಡಿದೆ.

ಜೂನ್ 22, ಭಾನುವಾರ

ಪತ್ರ ನಾಲ್ಕು ಸಲ ಬರೆದೆ. ಅನುಮಾನವಿದೆ ಎನ್ನುವಲ್ಲಿಗೆ ಬಂದು ಪ್ರತಿ ಸಲ ವಾಕ್ಯ ಕೆಡುತ್ತಿದೆ. ನಮ್ಮನೆಯವರು ಟಿ.ವಿ. ಸದ್ದು ಕಡಿಮೆ ಮಾಡಿದರೆ ಬರೆಯಬಹುದಿತ್ತು ಎಂದು ರೇಗಿದೆ. ಟಿ.ವಿ. ಆರಿಸಿಯೇ ಇತ್ತು.

ಜೂನ್ 23, ಸೋಮವಾರ

ಗಡಿಯಾರವನ್ನು ಔಷಧಿ ಉಗ್ರಾಣದಲ್ಲಿ ಅಡ್ಡಗಟ್ಟಿದೆ. ಪೆಟ್ಟಿಗೆಗಳ ತಾರೀಖು ನೋಡಿ ಜೋಡಿಸುತ್ತಿದ್ದಳು. ಸುತ್ತಿಬಳಸದೆ ಕೇಳಿದೆ, ಆ ಹೊತ್ತುಗಳನ್ನು ಆಗಲೇ ಬರೆದದ್ದೋ ಆಮೇಲೆ ಕೂತು ಬರೆದದ್ದೋ ಎಂದು. ಅವಳು ಪೆಟ್ಟಿಗೆ ಜೋಡಿಸುವುದನ್ನು ನಿಲ್ಲಿಸಲಿಲ್ಲ.

"ಆಗಲೇ ಬರೆದೆ. ಬರೆದಾಗೆಲ್ಲ ನಿಮಗೆ ಹೇಳಿದೆ. ಎರಡು ನಿಮಿಷ ಆಯ್ತು ಮೇಡಂ ಅಂದೆ, ಹೂಂ ಅಂದ್ರಿ. ನಾಲ್ಕಾಯ್ತು, ತಟ್ಟೆ ಇಲ್ಲಿದೆ ಅಂದೆ. ಹೂಂ ಅಂದ್ರಿ. ಆರಾಯ್ತು ಅಂದಾಗ್ಲೂ ಹೂಂ ಅಂದ್ರಿ."

ಇನ್ನೊಂದು ಪೆಟ್ಟಿಗೆ ಎತ್ತಿಕೊಂಡು ಮುಂದುವರಿದಳು.

"ನಾನು ಮೆಲ್ಲಗೆ ಹೇಳಿದ್ದು ತಪ್ಪು. ನಿಮಗೆ ಹೆದರಿ ಮೆಲ್ಲಗೆ ಹೇಳ್ದೆ. ಕೂಗಬೇಕಿತ್ತು, ನಿಮ್ಮ ಕೈ ಹಿಡಿದು ಎಳೀಬೇಕಿತ್ತು. ಸಮಿತಿ ಮುಂದೆ ಅದನ್ನೂ ಹೇಳ್ತೀನಿ. ಅದಕ್ಕೇ ಗಟ್ಟಿಯಾಗಿ ಎಣಿಸೋ ಕೆಲಸ ಕೇಳಿ ತಗೊಂಡಿದ್ದು."

ಅವಳನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ. ಇಷ್ಟು ದಿನ ನನ್ನನ್ನು ಹಣಿಯಲು ಎಣಿಸುತ್ತಿದ್ದಾಳೆ ಎಂದುಕೊಂಡಿದ್ದೆ, ಅದರಲ್ಲಾದರೂ ಒಂದು ಮರ್ಯಾದೆಯಿತ್ತು. ಇವಳು ನೋಡಿದರೆ ತನ್ನ ತಪ್ಪು ತಿದ್ದಿಕೊಳ್ಳಲು ಎಣಿಸುತ್ತಿದ್ದಾಳೆ.

ಆ ದಿನವನ್ನು ನೆನಪಿಸಿಕೊಳ್ಳಲು ನೋಡಿದೆ. ಬ್ಲೇಡಿನ ಬೆಳಕು ನೆನಪಿದೆ, ಊದಿದ ಕೆಂಪು ನೆನಪಿದೆ, ಗುಳ್ಳೆಗುಳ್ಳೆಯಾಗಿ ಬರುತ್ತಿದ್ದ ಜೊಲ್ಲು ನೆನಪಿದೆ. ಒಂದು ದನಿಯೂ ನೆನಪಿಲ್ಲ. ನಾನು ಯಾರಿಗೆ ಹೂಂ ಅಂದೆ?

ಜೂನ್ 25, ಬುಧವಾರ

ಕೆಲಸ ಹೆಚ್ಚು. ಪತ್ರ ಆಗಲಿಲ್ಲ.

ಜೂನ್ 26, ಗುರುವಾರ

ಮಧ್ಯಾಹ್ನ ಮುಖ್ಯಸ್ಥರು ಪತ್ರ ಎಲ್ಲಿ ಎಂದರು. ಕೊಡುವುದಿಲ್ಲ, ನರ್ಸಮ್ಮನ ಪಟ್ಟಿ ಸರಿಯಿದೆ ಎಂದೆ. ಅದರ ಅರ್ಥ ಗೊತ್ತಿದೆಯಾ ಎಂದು ಕೇಳಿದರು. ಇಪ್ಪತ್ತಾರು ವರ್ಷ ಮಾಡಿದ ಕೆಲಸ ನಾಳೆಯಿಂದ ಇಲ್ಲ ಎಂದು ಅರ್ಥ, ಅಷ್ಟು ಅರ್ಥವಾಗದೇ ಇರಲು ನಾನೇನು ಎಳೆ ಮಗುವೇ. ಪೆನ್ನು ಉರುಳಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಾ ಕೂತರು. ಅವರ ಆ ಕನಿಕರ ನನಗೆ ಬೇಕಿರಲಿಲ್ಲ, ಎದ್ದುಬಂದೆ.

ಅಲ್ಲಿಂದ ಮನೆಗೆ ಹೋಗಬಹುದಿತ್ತು. ನಿಗಾ ಘಟಕದ ಕಡೆ ಹೋದೆ. ಅಕ್ಕ ಬೆಂಚಿನಲ್ಲಿದ್ದಳು, ಮೊಣಕಾಲ ಮೇಲೆ ಕೈ ಜೋಡಿಸಿಕೊಂಡು. ಮುಖ ಒಣಗಿ ಅರ್ಧವಾಗಿದೆ. ಪಕ್ಕದಲ್ಲಿ ಕೂತೆ. ಸುಮ್ಮನೆ ಹೇಳಿ ಮುಗಿಸಿಬಿಡೋಣ ಎಂದುಕೊಂಡೆ.

"ನಾನು ನಿಮಗೆ ಎರಡು ನಿಮಿಷ ಅಂದಿದ್ದೆ. ಅದು ತಪ್ಪು. ಏಳೂವರೆ ನಿಮಿಷ. ಅವರು ಬಂದಾಗ ಉಸಿರಾಡ್ತಿದ್ರು, ಪ್ರಜ್ಞೆ ಇತ್ತು, ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸಿದ್ರು. ಆಗಿದ್ದೆಲ್ಲ ಆಮೇಲೆ ಆಗಿದ್ದು, ನನ್ನ ಕೈಯಲ್ಲಿ. ಸೀಳಿ ಉಸಿರು ಕೊಡಬೇಕಿತ್ತು, ಹೊತ್ತು ಹೋಗಿದ್ದು ನನಗೆ ಗೊತ್ತಾಗಲಿಲ್ಲ. ನಿಮ್ಮಿಂದ ತಡ ಆಗಿದ್ದಲ್ಲ."

ಅವಳು ಅತ್ತುಬಿಟ್ಟರೆ ಏನು ಮಾಡುವುದು ಎಂದು ನನಗೆ ಹೆದರಿಕೆಯಿತ್ತು. ಅಳಲಿಲ್ಲ. ನನ್ನ ಕಡೆ ತಿರುಗಿದಳು, ಆ ಕಣ್ಣಲ್ಲಿ ನೀರಿನ ಪಸೆಯೂ ಇರಲಿಲ್ಲ.

"ಇದನ್ನ ಹೇಳೋಕೆ ನಿಮಗೆ ಎಷ್ಟು ಹೊತ್ತು ಬೇಕಾಯ್ತು?"

ಇಪ್ಪತ್ತಮೂರು ದಿನ ಎಂದೆ.

"ಇಪ್ಪತ್ತಮೂರು ದಿನ ನಾನು ಅವನ ಹತ್ತಿರ ಹೋಗಿಲ್ಲ," ಎಂದಳು. ದನಿ ಏರಿಸಲೂ ಇಲ್ಲ. "ಅವನು ಕಣ್ಣು ಬಿಟ್ಟಾಗ ಯಾರೂ ಇರಲಿಲ್ಲ ಅಲ್ಲಿ."

ಎದ್ದಳು. ಕಾಲು ಜೋಮು ಹಿಡಿದಿರಬೇಕು, ಒಂದು ಕ್ಷಣ ಗೋಡೆ ಹಿಡಿದು ನಿಂತಳು. ಆಧಾರಕ್ಕೆಂದು ಕೈ ಚಾಚಿದೆ, ಅವಳು ಅದನ್ನು ಮುಟ್ಟಲಿಲ್ಲ. ಬಾಗಿಲ ಹತ್ತಿರ ಹೋಗಿ ತಿರುಗಿದಳು.

"ನೀವು ಒಳಗೆ ಬರಬೇಡಿ."

ಹೋಗಲಿಲ್ಲ. ಬಾಗಿಲ ಗಾಜಿನಲ್ಲಿ ನೋಡುತ್ತಾ ನಿಂತೆ. ಮೊದಲು ಅವನ ಕಾಲ ಬಳಿ ನಿಂತಳು, ಆಮೇಲೆ ಸ್ಟೂಲು ಎಳೆದುಕೊಂಡು ತಲೆಯ ಹತ್ತಿರ ಕೂತಳು. ಅವನ ಕಣ್ಣು ಛಾವಣಿಯ ಕಡೆಯೇ ಇತ್ತು. ಅವಳು ಅವನ ಕಿವಿಯ ಬಳಿ ಬಗ್ಗಿ ಏನೋ ಹೇಳತೊಡಗಿದಳು, ನಿಲ್ಲಿಸದೆ, ತುಂಬಾ ದಿನ ಊರಲ್ಲಿ ಇಲ್ಲದವನಿಗೆ ಹೇಳುವ ಹಾಗೆ. ನಡುವೆ ಒಮ್ಮೆ ಕೈಯೆತ್ತಿ ಬಾಗಿಲ ಕಡೆ, ನನ್ನ ಕಡೆ ತೋರಿಸಿದಳು. ನನ್ನ ಮೇಲೆ ದೂರು ಹೇಳುತ್ತಿರಬೇಕು. ಹೇಳಲಿ.